ಎದುರುಗಾಳಿಯ ಲೆಕ್ಕವನ್ನೂ ಹೇಳಿ
ಇಂಧನ ಮುಗಿದು ಹೊಲಗದ್ದೆಗೆ ಇಳಿಯುವ ಸಣ್ಣ ವಿಮಾನಗಳ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ತುಂಬಾ ಒಳ್ಳೆಯದಾಯಿತು. ಆದರೆ ಎದುರುಗಾಳಿಯ ಮಾತೇ ಬಂದಿಲ್ಲ. 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ, ಅಂದರೆ ಸುಮಾರು 185 ಕಿ.ಮೀ.) ವೇಗದ ವಿಮಾನಕ್ಕೆ 200 ನಾಟಿಕಲ್ ಮೈಲಿ ಹೋಗಲು 2 ಗಂಟೆ ಸಾಕು. 20 ನಾಟ್ ಎದುರುಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ವೇಗ 80 ನಾಟ್‌ಗೆ ಇಳಿದು ಎರಡೂವರೆ ಗಂಟೆ ಬೇಕು. ಹಗಲು ಹಾರಾಟಕ್ಕೆಂದು ಇಟ್ಟ 30 ನಿಮಿಷದ ಮೀಸಲು ಇಂಧನ ಅಲ್ಲಿಗೇ ಖಾಲಿ, ಅಲ್ವಾ? ನಮ್ಮ ಪುಣೆ ಕಡೆಯದೇ ನೋಡಿ. ಮಳೆಗಾಲದಲ್ಲಿ ಬಾರಾಮತಿಯಿಂದ ಮುಂಬೈನ ಜುಹು ವಿಮಾನ ನಿಲ್ದಾಣಕ್ಕೆ ಹೊರಟರೆ ಪಡುವಣ ಗಾಳಿ ಎದುರಿಗೇ ಇರುತ್ತದೆ. ಕೆಳಗೆ ಸಹ್ಯಾದ್ರಿ. ಅಲ್ಲಿ ಎಂಜಿನ್ ನಿಂತರೆ ಇಳಿಯಲು ಸಮತಟ್ಟು ಜಾಗ ಸಿಗುವುದೇ ಕಷ್ಟ. ಇನ್ನೊಂದು ವಿಷಯ, ಸುಮ್ನೆ ಇಂಧನದ ಮೀಟರ್ ನಂಬಿ ಹೊರಡಬಾರದು. ರೆಕ್ಕೆಯ ಟ್ಯಾಂಕಿನ ಮುಚ್ಚಳ ತೆಗೆದು ಅಳತೆ ಕಡ್ಡಿ ಇಳಿಸಿಯೇ ನೋಡಬೇಕು. ಇದನ್ನೂ ಲೇಖನಕ್ಕೆ ದಯವಿಟ್ಟು ಸೇರಿಸಿ.