ರಾತ್ರಿ ಎರಡಕ್ಕೆ ಓಡುತ್ತಿದ್ದ ಪಂಪು

ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎರಡು ವಿಂಗ್, 22 ಮಹಡಿ. ಕಳೆದ ವರ್ಷ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಟ್ಯಾಂಕರ್ ತರಿಸಿದರೂ ಸಂಜೆಗೆ ನೀರು ಸಾಲುತ್ತಿರಲಿಲ್ಲ. ಕಮಿಟಿ ಮೀಟಿಂಗ್ ಕರೆದೆವು. ಹತ್ತು ನಿಮಿಷದಲ್ಲಿ ತಪ್ಪು ಯಾರದ್ದು ಅಂತ ತೀರ್ಮಾನವೂ ಆಗಿಹೋಯಿತು. 14ನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗರು ಜಾಸ್ತಿ ನೀರು ಸುರಿಯುತ್ತಾರೆ, ಮನೆಗೆಲಸದವರು ನಲ್ಲಿ ಬಿಟ್ಟುಕೊಂಡೇ ಪಾತ್ರೆ ತೊಳೆಯುತ್ತಾರೆ. ಆ ಹುಡುಗರು ನಮ್ಮ ಕಲಬುರಗಿ ಕಡೆಯವರು, ಬೆಳಿಗ್ಗೆ ಹೋದರೆ ಬರುವುದು ರಾತ್ರಿ ಹತ್ತಕ್ಕೆ. ಅದು ಗೊತ್ತಿದ್ದೂ ನಾನೂ ತಲೆಯಾಡಿಸಿದೆ. ನೆನೆಸಿಕೊಂಡರೆ ಈಗಲೂ ಬೇಸರವಾಗುತ್ತದೆ.

ಆಮೇಲೆ ಖಜಾಂಚಿ ಕೆಲಸ ನನ್ನ ಪಾಲಿಗೆ ಬಂತು. ಗೇಟಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಪಾಲಿಕೆಯ ಮೀಟರ್ ಎಷ್ಟು ತೋರಿಸುತ್ತಿದೆ, ಟ್ಯಾಂಕರ್ ಎಷ್ಟು ಬಂತು, ಪಂಪು ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಇಷ್ಟನ್ನು ದಿನಾ ಬರೆಯಿರಿ ಅಂತ ವಾಚ್‌ಮನ್‌ಗಳಿಗೆ ಹೇಳಿದೆ. ಎರಡು ವಾರ ಅವರು ಅಚ್ಚುಕಟ್ಟಾಗಿ ಬರೆದರು. ಎಲ್ಲರೂ ಮಲಗಿರುವ ಹೊತ್ತು, ರಾತ್ರಿ ಎರಡರ ಸುಮಾರಿಗೆ, ಪ್ರತಿ ದಿನ ಪಂಪು ಓಡುತ್ತಿತ್ತು! ಪ್ಲಂಬರ್‌ನನ್ನು ಟೆರೇಸಿಗೆ ಹತ್ತಿಸಿದರೆ, ಫ್ಲಶ್ ನೀರಿನ ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ಬಾಲ್‌ಕಾಕ್ ಕೆಟ್ಟು ಎಷ್ಟು ಕಾಲ ಆಗಿತ್ತೋ ಏನೋ, ಉಕ್ಕಿದ ನೀರಿನ ಪೈಪನ್ನು ಮಳೆನೀರಿನ ಪೈಪಿಗೇ ಜೋಡಿಸಿದ್ದರಿಂದ ಒಂದು ಹನಿಯೂ ಯಾರ ಕಣ್ಣಿಗೂ ಬೀಳದೆ ಸೀದಾ ಗಟಾರಕ್ಕೆ ಹೋಗುತ್ತಿತ್ತು. ಬಾಲ್‌ಕಾಕ್ ಬದಲಾಯಿಸಿದ ವಾರವೇ ಟ್ಯಾಂಕರ್ ದಿನಕ್ಕೆ ಒಂದಕ್ಕೆ ಇಳಿಯಿತು. ಆ ಹುಡುಗರ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ಹೋಗುತ್ತಿದ್ದದ್ದು ನೀರು ಮಾತ್ರ ಅಲ್ಲ. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರ್ ನೀರನ್ನು 70 ಮೀಟರ್ ಮೇಲಕ್ಕೆ ಏರಿಸಲು, ಪಂಪಿಗೆ ಕೊಟ್ಟ ಕರೆಂಟಿನಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ ಅಂತ ಹಿಡಿದರೆ, ಸುಮಾರು 4 ಯೂನಿಟ್ ಬೇಕು. ದಿನಾ ಅಷ್ಟು ಕರೆಂಟು ಖರ್ಚು ಮಾಡಿ ನೀರನ್ನು ಮೇಲಕ್ಕೆ ಹತ್ತಿಸಿ ಗಟಾರಕ್ಕೆ ಬಿಡುತ್ತಿದ್ದೆವು. ನೀರಿನ ಲೆಕ್ಕ, ಕರೆಂಟಿನ ಲೆಕ್ಕ ಎರಡನ್ನೂ ಒಟ್ಟಿಗೇ ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ.

ನಮ್ಮ ನಗರದಲ್ಲಿ ಹೆಚ್ಚಿನ ಮನೆಗಳಿಗೆ ತಮ್ಮ ನೀರಿನ ಲೆಕ್ಕ ಗೊತ್ತಿಲ್ಲ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ ನೀರಿನ ಹಣ ಹಂಚುವುದು ಫ್ಲ್ಯಾಟಿನಲ್ಲಿ ನೀರು ಒಳಗೆ ಬರುವ ಇನ್‌ಲೆಟ್ ಎಷ್ಟು ಇವೆ, ಅವು ಎಷ್ಟು ದೊಡ್ಡವು ಅನ್ನುವುದರ ಮೇಲೆ. ಎಷ್ಟು ಬಳಸಿದಿರಿ ಅಂತ ಯಾರೂ ಕೇಳುವುದಿಲ್ಲ. ಮನೆಯ ಲೆಕ್ಕ ಹೋಗಲಿ, ಇಡೀ ಕಟ್ಟಡದ ಬಿಲ್ಲೂ ಸೆಕ್ರೆಟರಿಯ ಕಪಾಟಿನಲ್ಲೇ ಉಳಿಯುತ್ತದೆ. ಜೂನ್ ಬಂತೆಂದರೆ ಮುಂಬೈಗೆ ನೀರು ಕೊಡುವ ಏಳು ಕೆರೆಗಳಲ್ಲಿ ನೀರು ಶೇಕಡಾ ಎಷ್ಟಿದೆ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ, ಲೋಕಲ್ ಟ್ರೇನಿನಲ್ಲಿ ಅದೇ ಮಾತು. ತಾನ್ಸಾ, ಭಾತ್ಸಾ ಎಲ್ಲಾ ಬಾಯಿಪಾಠ. ನಮ್ಮದೇ ಕಟ್ಟಡ ದಿನಕ್ಕೆ ಎಷ್ಟು ಲೀಟರ್ ಎಳೆಯುತ್ತದೆ ಅಂತ ಕೇಳಿ ನೋಡಿ, ಉತ್ತರ ಬರುವುದಿಲ್ಲ. ಅದೇ ಕುಂದಾಪುರದಲ್ಲಿರುವ ನನ್ನ ಅಮ್ಮ ಬೇಸಿಗೆಯಲ್ಲಿ ಫೋನ್ ಮಾಡಿದರೆ, ಬಾವಿಯಲ್ಲಿ ನೀರಿನ ಮೇಲೆ ಎಷ್ಟು ರಿಂಗ್ ಕಾಣುತ್ತಿದೆ ಅನ್ನುವುದನ್ನು ಮೊದಲು ಹೇಳುತ್ತಾರೆ. ಮೇ ತಿಂಗಳಲ್ಲಿ ಬಟ್ಟೆ ಯಾವಾಗ ಒಗೆಯಬೇಕು ಅನ್ನುವುದೂ ಆ ರಿಂಗ್ ನೋಡಿಯೇ.

ಆ ಭಾತ್ಸಾ ಇರುವುದು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ. ಅಲ್ಲಿನ ಎಷ್ಟೋ ಹಳ್ಳಿ, ಪಾಡಾಗಳಿಗೆ (ಆದಿವಾಸಿ ಹಾಡಿಗಳಿಗೆ) ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಅವರ ಮಗ್ಗುಲಲ್ಲಿರುವ ನೀರು ಪೈಪಿನಲ್ಲಿ ನಮ್ಮ ಕಡೆಗೆ ಬರುತ್ತದೆ. ಅದರಲ್ಲಿ ಎಷ್ಟನ್ನು ನಾವು ರಾತ್ರಿ ಎರಡಕ್ಕೆ ಚೆಲ್ಲುತ್ತೇವೆ ಅಂತ ಹೇಳುವ ಹೊಣೆ ನಮ್ಮ ಮೇಲಿದೆ ಅಲ್ವಾ?

ಅದಕ್ಕೇ ನಾನು ಕೇಳುವುದು ಇಷ್ಟು. ಮುಂಬೈ, ಠಾಣೆ, ಪುಣೆಯ ಪ್ರತಿ ದೊಡ್ಡ ಕಟ್ಟಡ, ಅದು ಸೊಸೈಟಿ ಇರಲಿ, ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ) ಆಫೀಸಿರಲಿ, ಮಾಲ್, ಆಸ್ಪತ್ರೆ ಇರಲಿ, ವರ್ಷಕ್ಕೊಮ್ಮೆ ತನ್ನ ನೀರು ಮತ್ತು ಕರೆಂಟಿನ ಲೆಕ್ಕ ಕೊಡಬೇಕು. ಅದು ಯಾರು ಬೇಕಾದರೂ ನೋಡುವಂತಿರಬೇಕು. ಟ್ಯಾಂಕರ್, ಬೋರ್‌ವೆಲ್ ನೀರೂ ಅದರಲ್ಲಿ ಸೇರಬೇಕು, ಇಲ್ಲದಿದ್ದರೆ ಪಾಲಿಕೆಯ ಬಿಲ್ಲು ತೋರಿಸಿ ನಾವು ಒಳ್ಳೆಯವರು ಅಂದುಬಿಡಬಹುದು.

ಇದು ಆಗದ ಮಾತು ಅಲ್ಲ. ನ್ಯೂಯಾರ್ಕ್ ನಗರ 2009ರಲ್ಲೇ ಇಂಥ ಕಾನೂನು ಮಾಡಿತು. ಮೊದಲು 50,000 ಚದರ ಅಡಿ ಮೀರಿದ ಕಟ್ಟಡಗಳು, ಆಮೇಲೆ 25,000 ಮೀರಿದವೂ ಸೇರಿದವು. ಲೆಕ್ಕವನ್ನು ಕಟ್ಟಡದ ವಿಳಾಸದ ಜೊತೆಗೇ ಪ್ರಕಟಿಸುತ್ತಾರೆ. 2020ರಿಂದ ಬಾಗಿಲಲ್ಲಿ ಎ, ಬಿ, ಸಿ, ಡಿ ಅಂತ ಇಂಧನ ದಕ್ಷತೆಯ ದರ್ಜೆಯ ಚೀಟಿಯನ್ನೂ ಅಂಟಿಸಬೇಕು. ವರದಿಯನ್ನೇ ಕೊಡದವರಿಗೆ ಎಫ್.

ನಮ್ಮಲ್ಲಿ ಫ್ರಿಜ್, ಎಸಿಗಳ ಮೇಲೆ ನಕ್ಷತ್ರದ ಗುರುತು 2006ರಿಂದ ಇದೆ. ಫ್ಲ್ಯಾಟಿನ ಕಾರ್ಪೆಟ್ ಏರಿಯಾ, ಅಂದರೆ ಒಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, ಎಷ್ಟು ಅಂತ ಬಿಲ್ಡರ್ ಬಾಯಿ ಬಿಡಲೇಬೇಕು ಅಂತ 2017ರಲ್ಲಿ ಮಹಾರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರ) ಬಂದ ಮೇಲೆ ಆಯಿತು. ಕೋಟಿ ಕೊಟ್ಟು ಮನೆ ಕೊಳ್ಳುವವನಿಗೆ ಆ ಕಟ್ಟಡಕ್ಕೆ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ಬೇಕು ಅನ್ನುವುದು ಮಾತ್ರ ಕೀಲಿ ಪಡೆದು ಒಳಗೆ ಬಂದ ಮೇಲೆಯೇ ತಿಳಿಯುತ್ತದೆ. ಇಂಧನ ಉಳಿತಾಯದ 2001ರ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ದೊಡ್ಡ ವಸತಿ ಕಟ್ಟಡಗಳೂ ಅದರೊಳಗೆ ಬಂದಿವೆ, ಸಂತೋಷ. ಆದರೆ ಕಟ್ಟಡಗಳ ನಿಯಮ ಅಂದರೆ ನಮ್ಮಲ್ಲಿ ಜಾಸ್ತಿ ಗಮನ ಕಟ್ಟುವ ಹೊತ್ತಿನ ಮೇಲೆ. ಓಸಿ (ವಾಸಕ್ಕೆ ಅನುಮತಿಯ ಪತ್ರ) ಸಿಕ್ಕ ಮೇಲೆ ಐವತ್ತು ವರ್ಷ ಆ ಕಟ್ಟಡ ಹೇಗೆ ನಡೆಯುತ್ತದೆ ಅನ್ನುವುದೇ ನನ್ನ ಚಿಂತೆ.

ಸೊಸೈಟಿಗಳಿಗೆ ಈಗಲೇ ನೂರೆಂಟು ಕಾಗದದ ಕೆಲಸ, ಇನ್ನೊಂದು ಯಾಕೆ ಅಂತ ಗೆಳೆಯರೊಬ್ಬರು ಕೇಳಿದರು. ಬೆಂಕಿಯ ಸುರಕ್ಷತೆಗೆ ಜನವರಿ, ಜುಲೈನಲ್ಲಿ ಫಾರ್ಮ್ ಬಿ ಕೊಡುತ್ತೇವೆ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಇದಕ್ಕೆ ಬೇಕಾದ ಬಿಲ್ಲುಗಳು ಹೇಗೂ ಬರುತ್ತವೆ, ಕೂಡಿಸಿ ಬರೆದರಾಯಿತು. ಪ್ರತಿ ಮನೆಯ ಕರೆಂಟು ಊರಿಗೆಲ್ಲಾ ಯಾಕೆ ತಿಳಿಯಬೇಕು ಅನ್ನುವ ಪ್ರಶ್ನೆ ಮಾತ್ರ ಸರಿಯಾದದ್ದು. ಮನೆ ಮನೆಯದು ಬೇಡವೇ ಬೇಡ. ಹೆಸರು ತೆಗೆದು ಇಡೀ ಕಟ್ಟಡದ ಒಟ್ಟು ಯೂನಿಟ್ ಕೊಡಿ ಅಂತ ವಿದ್ಯುತ್ ಕಂಪನಿಗಳಿಗೆ ನಿಯಮ ಮಾಡಿದರೆ ಸಾಕು. ಆಸ್ಪತ್ರೆಯನ್ನು ಆಸ್ಪತ್ರೆಯ ಜೊತೆ, ಮಾಲನ್ನು ಮಾಲಿನ ಜೊತೆ ಹೋಲಿಸಬೇಕು, ಅದೂ ನಿಜ.

ಮೊದಲ ವರ್ಷ ದಂಡ ಬೇಡ ಅಂತ ನನ್ನ ಅಭಿಪ್ರಾಯ. ಅಂಕಿ ಹೊರಗೆ ಬರಲಿ. ಪಕ್ಕದ ಕಟ್ಟಡಕ್ಕಿಂತ ನಮ್ಮದು ಯಾಕೆ ಜಾಸ್ತಿ ಅಂತ ಕೇಳಲು ಒಬ್ಬ ಸಾಮಾನ್ಯ ಸದಸ್ಯನಿಗೆ ಕೈಯಲ್ಲಿ ಒಂದು ಹಾಳೆ ಇದ್ದರೆ ಸಾಕು, ಉಳಿದದ್ದನ್ನು ಸೊಸೈಟಿಯವರು ತಾವೇ ಹುಡುಕುತ್ತಾರೆ. ನಮ್ಮಲ್ಲಿ ಅದೇ ನೋಟ್‌ಬುಕ್ಕಿನಿಂದ ಬೇಸ್‌ಮೆಂಟಿಗೆ ಗಾಳಿ ಆಡಿಸುವ ಬ್ಲೋವರ್ ಹಗಲು ರಾತ್ರಿ ಸುಮ್ನೆ ಓಡುತ್ತಿದ್ದದ್ದೂ ಸಿಕ್ಕಿತು.

ಕಾನೂನು ಬರುವ ತನಕ ಕಾಯುವುದು ಬೇಡ ಅಂತ ಈ ಸೆಪ್ಟೆಂಬರಿನ ಎಜಿಎಂನಲ್ಲಿ (ವಾರ್ಷಿಕ ಸಭೆಯಲ್ಲಿ) ಒಂದು ಠರಾವು ಇಡುತ್ತಿದ್ದೇನೆ. ತಿಂಗಳ ನೀರು, ಟ್ಯಾಂಕರ್, ಕಾಮನ್ ಮೀಟರಿನ ಯೂನಿಟ್, ಮೂರನ್ನೂ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಬರೆಯಬೇಕು. ಡೊಂಬಿವಲಿ, ಘಾಟ್ಕೋಪರ್, ವಾಶಿ, ಪುಣೆ ಎಲ್ಲೆಲ್ಲಿ ನಮ್ಮವರು ಸೊಸೈಟಿ ಕಮಿಟಿಯಲ್ಲಿ ಇದ್ದೀರೋ, ನಿಮ್ಮಲ್ಲಿ ಇಂಥ ಲೆಕ್ಕ ಇಟ್ಟಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ನಮ್ಮ ನೋಟ್‌ಬುಕ್ಕಿನ ಪುಟದ ನಮೂನೆ ಬೇಕಾದವರಿಗೆ ಕಳಿಸುತ್ತೇನೆ.