ಬ್ಯಾಡ ಬಿಡಿ, ನಿಮಗೆ ಆಗ್ತಿಲ್ಲೆ

ಅಪ್ಪಯ್ಯನಿಂದ ಕೆಲಸ ಮಾಡಿಸುವ ವಿದ್ಯೆ ಗೊತ್ತಿದ್ದದ್ದು ಆಯಿಗೆ ಮಾತ್ರ. "ಮಾಡು" ಅಂದರೆ ಅವನು ಎಲೆಯಡಿಕೆಯ ಕವಳ ಹಾಕಿಕೊಂಡು ಜಗುಲಿಯಲ್ಲಿ ಕೂತುಬಿಡುತ್ತಿದ್ದ. ಬಾಯ್ತುಂಬ ಕವಳ ಇದ್ದರೆ ಉತ್ತರ ಕೊಡಬೇಕಾಗಿಲ್ಲ ನೋಡಿ.

ಕಣ್ಣಿನ ಪೊರೆ ತೆಗೆಸಿಕೋ ಎಂದು ನಾವು ಮಕ್ಕಳು ಎರಡು ವರ್ಷ ಗೋಗರೆದೆವು. ಆಯಿ ಒಂದಿನ ಅಡಿಕೆ ಸುಲಿಯುತ್ತಾ, ಮುಖ ಎತ್ತದೇ ಹೇಳಿದಳು: "ಬ್ಯಾಡ ಬಿಡಿ. ಈ ವಯಸ್ಸಲ್ಲಿ ಹುಬ್ಬಳ್ಳಿವರೆಗೆ ಬಸ್ಸಲ್ಲಿ ಹೋಗಿ ಬರೂದು ನಿಮಗೆ ಆಗ್ತಿಲ್ಲೆ." ಅಷ್ಟೇ. ಅದೇ ವಾರ ಅಪ್ಪಯ್ಯ ಕೈಚೀಲ ಹಿಡಿದು ಸಿರಸಿ ಬಸ್‌ಸ್ಟ್ಯಾಂಡಿನಲ್ಲಿದ್ದ. ನಾನು ಜೊತೆಗೆ ಬರುತ್ತೇನೆ ಅಂದದ್ದಕ್ಕೆ ಬೈಸಿಕೊಂಡೆ.

ಇದಕ್ಕೊಂದು ಶಾಸ್ತ್ರವೂ ಇದೆ. ಜಾಕ್ ಬ್ರೆಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1966ರಲ್ಲೇ ಬರೆದಿದ್ದ. ನಮ್ಮ ಆಯ್ಕೆಯನ್ನು ಯಾರಾದರೂ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದ ಕೂಡಲೇ ಅದೇ ಬೇಕು ಅನ್ನಿಸಲು ಶುರುವಾಗುತ್ತದಂತೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಮಯಾಮಿ ಕಡೆ ಫಾಸ್ಫೇಟ್ ಎಂಬ ರಾಸಾಯನಿಕ ಇರುವ ಬಟ್ಟೆ ಸೋಪಿನ ಪುಡಿ ನಿಷೇಧಿಸಿದರು. ಅಲ್ಲಿನವರಿಗೆ ಆ ಪುಡಿಯೇ ಜಾಸ್ತಿ ಚೆನ್ನಾಗಿ ತೊಳೆಯುತ್ತದೆ ಅನ್ನಿಸತೊಡಗಿತು. ಅದೇ ರಾಜ್ಯದ, ನಿಷೇಧ ಇಲ್ಲದ ಟ್ಯಾಂಪಾ ಊರಿನವರಿಗೆ ಅಷ್ಟೊಂದು ಅನ್ನಿಸಲಿಲ್ಲ. ಪುಡಿ ಎರಡೂ ಕಡೆ ಒಂದೇ!

ಇಷ್ಟೆಲ್ಲ ಓದಿಕೊಂಡ ನಾನು ಆಯಿಯ ವಿದ್ಯೆಯನ್ನು ಮಗಳ ಮೇಲೆ ಹೂಡಿದೆ. ಅವಳಿಗಾಗ ಹನ್ನೊಂದು ವರ್ಷ. ಯಕ್ಷಗಾನದ ಹೆಜ್ಜೆ ಕಲಿಯಲು ಹೋಗುತ್ತಿದ್ದಳು. ಮಳೆಗಾಲ ಶುರುವಾದ ಮೇಲೆ ದಿನಕ್ಕೊಂದು ನೆವ ಹೇಳತೊಡಗಿದಳು. ಹುಮ್ಮಸ್ಸು ಬರಲಿ ಅಂತ ಹೇಳಿದೆ: "ಬಿಡು ಮಾರಾಯ್ತಿ, ನಿನ್ನ ಕಾಲಿಗೆ ತಾಳ ಹತ್ತುವುದಿಲ್ಲ."

ಅವಳು ಜಗಳ ಮಾಡಲಿಲ್ಲ. ಗೆಜ್ಜೆ ಮಡಚಿ ಕಪಾಟಿನಲ್ಲಿಟ್ಟಳು. ಮತ್ತೆ ತೆಗೆಯಲಿಲ್ಲ.

ಎರಡು ವರ್ಷದ ಮೇಲೆ, ಯಾಕೆ ಬಿಟ್ಟೆ ಎಂದು ಸುಮ್ನೆ ಕೇಳಿದ್ದಕ್ಕೆ, "ನೀನೇ ಹೇಳಿದ್ದಲ್ವಾ, ನನಗೆ ಬರುವುದಿಲ್ಲ ಅಂತ" ಅಂದಳು. ಸಿಟ್ಟೂ ಇರಲಿಲ್ಲ ಅವಳ ದನಿಯಲ್ಲಿ. ಅಪ್ಪಯ್ಯ ಎದುರುತ್ತರದ ಆಸಾಮಿ, ಅವನಿಗೆ ಮಾತು ಚಾಟಿಯಾಯಿತು. ಇವಳು ನಂಬುವ ಹುಡುಗಿ. ಅಪ್ಪ ಹೇಳಿದ್ದು ನಿಜವೇ ಇರಬೇಕು ಅಂದುಕೊಂಡಳು. ಆಯಿ ನಲವತ್ತು ವರ್ಷ ಸಂಸಾರ ಮಾಡಿ ಯಾರಿಗೆ ಯಾವ ಮಾತು ಎಂದು ಅಳೆದಿದ್ದಳು. ನಾನು ಅಳೆಯಲೇ ಇಲ್ಲ.

ನಮ್ಮ ಕಡೆ ತಾಳಮದ್ದಲೆಯಲ್ಲಿ ಕರ್ಣನ ಪ್ರಸಂಗ ಬಂದಾಗಲೆಲ್ಲ ನನಗೀಗ ಶಲ್ಯನ ಮೇಲೇ ಕಣ್ಣು. ಧರ್ಮರಾಯನಿಗೆ ಕೊಟ್ಟ ಮಾತಿನಂತೆ ಸಾರಥಿಯಾಗಿ ಕೂತು ಕರ್ಣನನ್ನು ಹೀಯಾಳಿಸುತ್ತಾನೆ. ಕೊನೆಗೆ ಕರ್ಣ ಅರ್ಜುನನ ಮೇಲೆ ಸರ್ಪಾಸ್ತ್ರ ಹೂಡುವಾಗ, ತಲೆಗೆ ಬೇಡ, ಎದೆಗೆ ಗುರಿಯಿಡು ಎಂದು ಸರಿಯಾದ ಮಾತನ್ನೇ ಹೇಳುತ್ತಾನೆ. ಕರ್ಣ ಕೇಳುವುದಿಲ್ಲ. ಅದು ಕರ್ಣನ ಛಲ ಅಂತ ಪಾತ್ರದ ಮಾತಾಡುವ ಅರ್ಥಧಾರಿಗಳು ಗಂಟೆಗಟ್ಟಲೆ ವಾದಿಸುತ್ತಾರೆ. ಇರಬಹುದು. ಆದರೆ ಅಷ್ಟು ಹೊತ್ತು ಚುಚ್ಚಿದವನ ಬಾಯಿಂದ ಬಂದ ಬುದ್ಧಿಮಾತನ್ನು ಯಾರು ತಾನೇ ನಂಬುತ್ತಾರೆ?

ನನ್ನ ಮಗಳಿಗೆ ಈಗ ಎಲ್ಲ ಕಥೆ ಗೊತ್ತು, ಅಜ್ಜನ ಹುಬ್ಬಳ್ಳಿ ಪ್ರಯಾಣವೂ ಸೇರಿ. ಹೋದ ವಾರ ಬೆಣ್ಣೆಹೊಳೆ ಜಲಪಾತದ ಚಿತ್ರ ಬಿಡಿಸಿ ತಂದು ತೋರಿಸಿದಳು. ನಿಜಕ್ಕೂ ಚೆನ್ನಾಗಿತ್ತು, ಹಾಗೇ ಹೇಳಿದೆ.

"ಇದು ಸೀದಾ ಮಾತಾ, ಉಲ್ಟಾ ಮಾತಾ ಅಪ್ಪಾ?" ಅಂದಳು.

ಸೀದಾ ಮಾತೇ ಅಂದೆ. ಅವಳು ಚಿತ್ರ ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಳು.