ತರಬೇತಿಯ ಉದ್ದೇಶಕ್ಕಾಗಿ

"ಗುಣಮಟ್ಟ ಮತ್ತು ತರಬೇತಿಯ ಉದ್ದೇಶಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ." ಎರಡು ತಿಂಗಳಿಂದ ಕೇಳಿ ಕೇಳಿ ಬಾಯಿಪಾಠ ಆಗಿದೆ. ನಿದ್ದೆಯಿಂದ ಎಬ್ಬಿಸಿದರೂ ಒಪ್ಪಿಸುತ್ತೇನೆ. ತರಬೇತಿ ಯಾರಿಗೆ ಅಂತ ಮಾತ್ರ ಮೊದಲು ಗೊತ್ತಿರಲಿಲ್ಲ. ನನಗಂತೆ.

ಕತೆ ನಿಮ್ಮ ಮನೆಯಲ್ಲೂ ನಡೆದಿರುತ್ತದೆ, ಬಿಡಿ. ನನ್ನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಯ್ತು, ಆರೋಗ್ಯ ವಿಮೆಯ ಕ್ಲೇಮ್ ಆಗಲಿಲ್ಲ. ಕೇಸ್ ಶೀಟಿನಲ್ಲಿ ಡ್ಯೂಟಿ ಡಾಕ್ಟರು "ಆರು ವರ್ಷದಿಂದ ಬಿಪಿ" ಅಂತ ಗೀಚಿದ್ದರು. ಪಾಲಿಸಿ ಮಾಡಿಸುವಾಗ ಅದನ್ನು ನಾವು ಹೇಳಲಿಲ್ಲವಂತೆ. ಕಲ್ಲಿಗೂ ಬಿಪಿಗೂ ಏನು ಸಂಬಂಧ ಅಂತ ಕೇಳಿದೆ. ಉತ್ತರ ಬರಲಿಲ್ಲ. ಬಿಪಿ ಬಂತು, ನನಗೆ.

ನಾವು ಹೇಳಿದ್ದೆವು ಸ್ವಾಮಿ. ಪಾಲಿಸಿ ಮಾರಿದ ಹುಡುಗ ಫೋನಿನಲ್ಲಿ, "ಬಿಪಿ ಈಗ ಯಾರಿಗಿಲ್ಲ ಸಾರ್? ಅದನ್ನೆಲ್ಲ ಹಾಕಿದ್ರೆ ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದಿದ್ದ. ಆ ಕರೆಯೂ ಗುಣಮಟ್ಟಕ್ಕಾಗಿ ರೆಕಾರ್ಡ್ ಆಗಿತ್ತು. ಅದನ್ನೇ ಕೊಡಿ ಅಂದೆ. "ಆ ಕಾಲ್ ನಮ್ಮ ಸಿಸ್ಟಮ್‌ನಲ್ಲಿ ಇಲ್ಲ." ಆಮೇಲೆ ಬಂದ ವೆರಿಫಿಕೇಶನ್ ಕರೆ ಮಾತ್ರ ಇದೆ. ಹುಡುಗಿಯೊಬ್ಬಳು ಉಸಿರು ಬಿಡದೆ ಏನೇನೋ ಓದಿ, "ಹೌದು ಅನ್ನಿ ಸಾರ್" ಅಂದಿದ್ದಳು. ಬಸ್ಸಿನಲ್ಲಿ ನೇತಾಡುತ್ತಾ ನಾನು ಹೌದು ಅಂದಿದ್ದೆ. ಕಂಡಕ್ಟರ್ "ಮುಂದೆ ಹೋಗ್ರೀ" ಅಂದಿದ್ದೂ ಅದರಲ್ಲಿ ಸೊಗಸಾಗಿ ಕೇಳುತ್ತದೆ.

ಸರಿ, ನಾವೂ ರೆಕಾರ್ಡ್ ಮಾಡೋಣ ಅಂದುಕೊಂಡೆ. ಕಾಲ್ ರೆಕಾರ್ಡ್ ಮಾಡುವ ಆ್ಯಪ್‌ಗಳ ಕತ್ತನ್ನು ಗೂಗಲ್ 2022ರಲ್ಲೇ ಹಿಸುಕಿದೆ. ಫೋನಿನ ಜೊತೆಗೇ ಬಂದ ಬಟನ್ ಒತ್ತಿದರೆ ಒಳಗಿಂದ ಒಬ್ಬ ಮಹಾತಾಯಿ, ಈ ಕರೆ ರೆಕಾರ್ಡ್ ಆಗುತ್ತಿದೆ ಅಂತ ಡಂಗುರ ಹೊಡೆಯುತ್ತಾಳೆ. ಅತ್ತ ಕಡೆಯವನಿಗೆ ಚೇಳು ಕಡಿದ ಹಾಗಾಯಿತು. "ಸಾರ್, ನೀವು ರೆಕಾರ್ಡ್ ಮಾಡೋ ಹಾಗಿಲ್ಲ. ನಮ್ಮ ಪಾಲಿಸಿ ಪ್ರಕಾರ ಮಾತು ಮುಂದುವರಿಸೋಕೆ ಆಗಲ್ಲ." ಟುಂಯ್. ನನ್ನ ಪಾಲಿಸಿ ಪ್ರಕಾರ ದುಡ್ಡು ಬರಲ್ಲ, ಅವರ ಪಾಲಿಸಿ ಪ್ರಕಾರ ಮಾತೂ ಬರಲ್ಲ.

ಫೋನ್ ಕದ್ದಾಲಿಕೆಯ ಗಲಾಟೆಗೆ ಮುಖ್ಯಮಂತ್ರಿಯೇ ಕುರ್ಚಿ ಬಿಟ್ಟ ರಾಜ್ಯ ನಮ್ಮದು. 1988ರಲ್ಲಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಪಾಪ, ಅವರಿಗೆ ಈ ವಾಕ್ಯ ಯಾರೂ ಹೇಳಿಕೊಟ್ಟಿರಲಿಲ್ಲ. ವಿಧಾನಸೌಧದಲ್ಲಿ ಎದ್ದು ನಿಂತು "ಎಲ್ಲಾ ಗುಣಮಟ್ಟ ಮತ್ತು ತರಬೇತಿಗಾಗಿ" ಅಂದುಬಿಟ್ಟಿದ್ದರೆ ಸರ್ಕಾರ ಉಳಿಯುತ್ತಿತ್ತೇನೋ.

ಕೊನೆಗೆ ದೇಸಿ ಉಪಾಯ ಮಾಡಿದೆ. ಸ್ಪೀಕರ್ ಹಾಕಿ, ಪಕ್ಕದ ಅಕ್ಕಿ ಡಬ್ಬದ ಮೇಲೆ ಹೆಂಡತಿಯ ಹಳೇ ಫೋನ್ ಇಟ್ಟು ರೆಕಾರ್ಡ್ ಒತ್ತಿದೆ. "ಕನ್ನಡಕ್ಕಾಗಿ ಐದನ್ನು ಒತ್ತಿ" ಅಂದರು, ಒತ್ತಿದೆ. "ಹಾಂಜೀ, ಬತಾಯಿಯೇ" ಅಂತ ಒಬ್ಬ ಬಂದ. ಅವನ ಹಿಂದೆ ಹದಿನೇಳು ನಿಮಿಷ ಪಿಯಾನೊ. ಆಮೇಲೆ ಕೇಳಿ ನೋಡಿದರೆ ಪಿಯಾನೊ ಇದೆ, ಕುಕ್ಕರಿನ ಮೂರು ಸೀಟಿ ಇದೆ, ಅವನು ಹೇಳಿದ್ದು ಮಾತ್ರ ನೀರಿನೊಳಗಿಂದ ಮಾತಾಡಿದ ಹಾಗಿದೆ.

ಅದನ್ನೇ ಅಕ್ಕನ ಮಗನಿಗೆ ಕಳಿಸಿದೆ. ವಕೀಲ. "ಮಾವ, ಕೋರ್ಟಿಗೆ ಇಷ್ಟು ಸಾಕಾಗಲ್ಲ. 2024ರ ಜುಲೈಯಿಂದ ಹೊಸ ಸಾಕ್ಷ್ಯ ಕಾಯ್ದೆ ಬಂದಿದೆ. 63ನೇ ಕಲಮಿನ ಸರ್ಟಿಫಿಕೇಟ್ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದ್ರೆ ಫೈಲನ್ನ ಯಾರೂ ತಿದ್ದಿಲ್ಲ ಅಂತ ತೋರಿಸೋ ಗುರುತಿನ ಸಂಖ್ಯೆ ಹಾಕ್ಬೇಕು, ಎಕ್ಸ್‌ಪರ್ಟ್ ಸಹಿ ಮಾಡ್ಬೇಕು" ಅಂದ. ನನಗೆ ಗೊತ್ತಿರುವ ವ್ಯಾಲ್ಯೂ ಒಂದೇ, ಗಿರವಿ ಅಂಗಡಿಯವನು ಎರಡು ಬಳೆ ತೂಗಿ ಹೇಳಿದ್ದು.

ಆ ದಿನ ಹೊಟ್ಟೆಗೆ ನಾಲ್ಕು ತೂತು ಮಾಡಿಸಿಕೊಂಡವಳು ಬಿಲ್ಲಿಂಗ್ ಕೌಂಟರ್ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಏಳರವರೆಗೆ ಕೂತಿದ್ದಳು. ಡಿಸ್ಚಾರ್ಜ್ ಅನುಮತಿಯನ್ನು ಮೂರು ಗಂಟೆಯೊಳಗೆ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಹೇಳಿದರೆ ಕೇಳುವವರು ಯಾರು? ಬಳೆಯನ್ನು ಅವಳೇ ಬಿಚ್ಚಿ ಕೊಟ್ಟಳು, ಒಂದು ಮಾತೂ ಆಡಲಿಲ್ಲ. ಆಮೇಲೆ ಅವಳ ಹೆಸರಿಗೇ ಪತ್ರ ಬಂತು, "ನೀವು ಸತ್ಯಾಂಶ ಮುಚ್ಚಿಟ್ಟಿದ್ದೀರಿ" ಅಂತ. ಜೀವನದಲ್ಲಿ ಹಾಲಿನವನ ಚಿಲ್ಲರೆ ಎರಡು ರೂಪಾಯಿ ಇಟ್ಟುಕೊಳ್ಳದ ಹೆಂಗಸು. ಅದನ್ನು ಓದಿ ಮಡಚಿ ದೇವರ ಮನೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದಳು. ನನಗೆ ಸಾಕಾಗಿಹೋಗಿದೆ ಕಣ್ರೀ.

ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನ ಹೇಳುವವರು, ಇದ್ದಾರೆ. ಫೀಸಿಲ್ಲ, ವಕೀಲರು ಬೇಕಿಲ್ಲ. ಆದರೆ ಮೊದಲು ಕಂಪನಿಗೇ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು. ಕಾಯುತ್ತಿದ್ದೇನೆ.

ನಿನ್ನೆ ಅದೇ ಕಂಪನಿಯಿಂದ ಫೋನ್ ಬಂತು. ಮೊದಲ ರಿಂಗಿಗೇ ಎತ್ತಿದೆ. "ನಮಸ್ಕಾರ ಸಾರ್, ಊಟ ಆಯ್ತಾ? ನಿಮ್ಮ ಪಾಲಿಸಿ ರಿನ್ಯೂವಲ್ ಹತ್ರ ಬಂತಲ್ವಾ, ಜಿಎಸ್‌ಟಿ ಕೂಡ ತೆಗೆದಿದ್ದಾರೆ ಈಗ." ಅಚ್ಚ ಮಂಡ್ಯದ ಕನ್ನಡ. ನೋಡಮ್ಮಾ, ನಾನು ಈ ಕರೆ ರೆಕಾರ್ಡ್ ಮಾಡ್ತಿದ್ದೀನಿ ಅಂದೆ.

"ಅಯ್ಯೋ, ಧಾರಾಳವಾಗಿ ಮಾಡ್ಕೊಳ್ಳಿ ಸಾರ್" ಅಂದಳು.